ಕಾಲಡಿಯ ಬೀದರ್

ಬೀದರಿನಲ್ಲಿ ತಲೆ ಎತ್ತಿ ನೋಡುವುದಕ್ಕೆ ಬೇಕಾದಷ್ಟಿದೆ. ಬಹಮನಿ ಸುಲ್ತಾನರ ಕೋಟೆ, ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಹಳೇ ಊರಿನ ನಟ್ಟನಡುವೆ ಚೌಬಾರಾದ ದುಂಡು ಗೋಪುರ. ಆಟೋಗಳು ಆ ಗೋಪುರವನ್ನು ಸುತ್ತಿ ಹೋಗುತ್ತವೆ, ಊರವರು ಕತ್ತೆತ್ತುವುದೂ ಇಲ್ಲ. ಇದನ್ನು ಉದಾಸೀನ ಅನ್ನಬೇಡಿ. ತಲೆತಲಾಂತರದಿಂದ ಎದುರು ಮನೆಯಲ್ಲೇ ಇರುವ ಅಜ್ಜನನ್ನು ಯಾರು ದಿನಾ ನಿಂತು ನೋಡುತ್ತಾರೆ?

ನನಗೆ ಈ ಊರಲ್ಲಿ ಬೆರಗು ಹುಟ್ಟಿಸಿದ್ದೆಲ್ಲ ತಲೆ ತಗ್ಗಿಸಿದಾಗ ಸಿಕ್ಕಿದ್ದು. ಮೊದಲನೆಯದು ಮಣ್ಣು.

ಚೌಬಾರಾದಿಂದ ಮದರಸಾ ಕಡೆ ಹೋಗುವ ಬೀದಿಯಲ್ಲಿ ಟಕಟಕ ಸದ್ದು ಕೇಳಿದರೆ ಅದು ಬಿದ್ರಿ ಕೆಲಸ. ಸತುವಿಗೆ ತುಸು ತಾಮ್ರ ಬೆರೆಸಿ ಹೂಜಿಯನ್ನು ಎರಕ ಹೊಯ್ದಿರುತ್ತಾರೆ. ಅದರ ಮೇಲೆ ಉಳಿಯಿಂದ ಬಳ್ಳಿ ಕೊರೆದು, ಗೀರಿನೊಳಗೆ ಬೆಳ್ಳಿಯ ಸಣ್ಣ ತಂತಿ ಇಟ್ಟು, ಬಡಿದು ಕೂರಿಸುತ್ತಾರೆ. ಉಜ್ಜಿ ಹೊಳಪು ಕೊಟ್ಟಾಗ ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಅಷ್ಟು ದಿನ ಕಣ್ಣು ಸೋಲಿಸಿಕೊಂಡು ಬಿಡಿಸಿದ ಬಳ್ಳಿಯನ್ನು ಹುಡುಕಬೇಕು! ಕೊನೆಗೆ ಬರುವುದು ಕೋಟೆಯೊಳಗಿನ ಮಣ್ಣು. ಬಿಸಿಲು, ಮಳೆ ಕಾಣದ ಮೂಲೆಯದೇ ಆಗಬೇಕು. ಅದಕ್ಕೆ ನವಸಾಗರ ಸೇರಿಸಿ, ನೀರಲ್ಲಿ ಕಲಸಿ, ಕಾಯಿಸಿದ ಹೂಜಿಗೆ ಹಚ್ಚುತ್ತಾರೆ. ನೋಡನೋಡುತ್ತ ಸತುವಿನ ಮೈಯೆಲ್ಲ ಕಾಡಿಗೆಗಪ್ಪು. ಬೆಳ್ಳಿಗೆ ಮಾತ್ರ ಏನೂ ಆಗಿರುವುದಿಲ್ಲ. ಬಳ್ಳಿ ಎದ್ದು ಬರುತ್ತದೆ. ಸರಿಯಾದ ಮಣ್ಣು ಯಾವುದೆಂದು ಹೇಗೆ ತಿಳಿಯುತ್ತದೆ ಎಂದರೆ, ‘ನಾಲಿಗಿ ಮ್ಯಾಲ ಇಟ್ರ ಗೊತ್ತಾಗ್ತದರಿ’ ಎಂಬ ಉತ್ತರ. ಮಣ್ಣಿನ ಲವಣಗಳು ಸತುವಿನ ಮೇಲೆ ಕೆಲಸ ಮಾಡುತ್ತವೆ ಎಂದು ರಸಾಯನಶಾಸ್ತ್ರ ಕಾರಣ ಕೊಡುತ್ತದೆ. ಕೊಡಲಿ. ಕಾರಣ ತಿಳಿದ ಮೇಲೂ ನನ್ನ ಬಾಯಿ ತೆರೆದೇ ಇರುತ್ತದೆ.

ನೀರಿನದೂ ಇದೇ ಕಥೆ. ಜಂಬಿಟ್ಟಿಗೆ ಕಲ್ಲಿನ ಈ ಎತ್ತರದ ನೆಲದಡಿ ಬಹಮನಿಗಳ ಕಾಲದಲ್ಲಿ ಇರಾನಿನ ಮಾದರಿಯ ಸುರಂಗ ಕಾಲುವೆ ಕೊರೆದು, ನೀರನ್ನು ಇಳಿಜಾರಿನ ಮೇಲೆಯೇ ಊರಿಗೆ ಹರಿಸಿದರು. ಕರೇಜ್ ಅನ್ನುತ್ತಾರೆ. ರಾಟೆಯೂ ಇಲ್ಲ, ಎತ್ತೂ ಇಲ್ಲ.

ಊರಾಚೆ ಅಷ್ಟೂರಿನಲ್ಲಿ, ಅದೇ ನೆಲದಡಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ಮುಸ್ಲಿಮರಿಗೆ ವಲಿ. ಸುತ್ತಲಿನ ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುತ್ತಾರೆ, ಸಮಾಧಿಗೆ ತೆಂಗಿನಕಾಯಿ ಒಡೆಯುತ್ತಾರೆ. ಇದಕ್ಕೆ ರಸಾಯನಶಾಸ್ತ್ರ ಯಾವ ಕಾರಣ ಕೊಟ್ಟೀತು?

ಬೀದರಿಗೆ ಬಂದರೆ ಬಿದ್ರಿಯನ್ನು ಗಾಜಿನ ಕಪಾಟಿನಿಂದ ಕೊಂಡು ಹೊರಟುಬಿಡಬೇಡಿ. ಕರಿ ಹಚ್ಚುವುದು ಯಾವತ್ತು ಎಂದು ಕೇಳಿಕೊಂಡು, ಅವತ್ತು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ.