ಹತ್ತು ದಿನದ ವಾರ, ನೂರು ಪೈಸೆಯ ರೂಪಾಯಿ

ನಂದಿನಿ: ಸಂಪ್ರದಾಯವಾದ ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವುದು ತಾನೇ, ಸರ್?

ಗುರುಬಸಪ್ಪ: ಅಲ್ಲಮ್ಮ. 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಖಂಡಿಸಿ ಪುಸ್ತಕ ಬರೆದ ಎಡ್ಮಂಡ್ ಬರ್ಕ್, ಅದಕ್ಕೂ ಮೊದಲು ಅಮೆರಿಕದ ವಸಾಹತುಗಳ ಪರ ಮಾತಾಡಿದವನು. ಭಾರತದಲ್ಲಿ ವಾರನ್ ಹೇಸ್ಟಿಂಗ್ಸ್ ನಡೆಸಿದ ದಬ್ಬಾಳಿಕೆಯನ್ನು ಬ್ರಿಟಿಷ್ ಪಾರ್ಲಿಮೆಂಟಿನ ಕಟಕಟೆಗೆ ಎಳೆದವನೂ ಅವನೇ. ಬದಲಾಗಲು ದಾರಿಯಿಲ್ಲದ ರಾಜ್ಯ ಉಳಿಯುವುದಿಲ್ಲ ಎಂದೇ ಅವನು ನಂಬಿದ್ದ. ಹೆದರಿದ್ದು, ಒಂದು ತಲೆಮಾರು ತನ್ನ ಬುದ್ಧಿಯೊಂದನ್ನೇ ನೆಚ್ಚಿ ಎಲ್ಲವನ್ನೂ ಬುಡದಿಂದ ಕಟ್ಟಲು ಹೊರಡುವುದಕ್ಕೆ.

ನಂದಿನಿ: ಹೊರಟರೆ ಏನಾಗುತ್ತೆ?

ಗುರುಬಸಪ್ಪ: 1793ರಲ್ಲಿ ಕ್ರಾಂತಿಕಾರರು ಹೊಸ ಕ್ಯಾಲೆಂಡರ್ ತಂದರು. ತಿಂಗಳಿಗೆ ಮೂವತ್ತು ದಿನ, ವಾರಕ್ಕೆ ಹತ್ತು. ಲೆಕ್ಕವೇನೋ ಚೊಕ್ಕ. ಆದರೆ ಏಳನೆಯ ದಿನ ಸಿಗುತ್ತಿದ್ದ ಬಿಡುವು ಕೂಲಿಯವನಿಗೆ ಹತ್ತನೆಯ ದಿನಕ್ಕೆ ಹೋಯಿತು. ಚರ್ಚು, ಸಂತೆ, ನೆಂಟರಿಷ್ಟರು, ಎಲ್ಲ ಹಳೆಯ ವಾರಕ್ಕೆ ಹೊಂದಿಕೊಂಡಿದ್ದವು. 1806ರ ಜನವರಿ 1ಕ್ಕೆ ನೆಪೋಲಿಯನ್ ಅದನ್ನು ರದ್ದು ಮಾಡಿದ.

ನಂದಿನಿ: ಮೀಟರು, ಕಿಲೋಗ್ರಾಂ ಕೂಡ ಅದೇ ಕ್ರಾಂತಿ ತಂದದ್ದಲ್ಲವೇ? ಅವು ಉಳಿದವಲ್ಲ!

ಗುರುಬಸಪ್ಪ: ಉಳಿದವು, ನಿಧಾನವಾಗಿ. ಫ್ರಾನ್ಸಿನಲ್ಲೇ ಅವು ಪೂರ್ತಿ ಕಡ್ಡಾಯವಾದದ್ದು 1840ರಲ್ಲಿ. ನಮ್ಮಲ್ಲಿ 1957ರ ಏಪ್ರಿಲ್ 1ಕ್ಕೆ ನೂರು ಪೈಸೆಯ ರೂಪಾಯಿ ಬಂತು. ಹೊಸ ನಾಣ್ಯದ ಮೇಲೆ ‘ನಯಾ ಪೈಸಾ’ ಎಂದು ಅಚ್ಚು ಹಾಕಿದರು. ಆಣೆಗಳೂ ಕೆಲವು ಕಾಲ ಜೊತೆಗೇ ಚಲಾವಣೆಯಲ್ಲಿದ್ದವು. ರೂಪಾಯಿಯ ಬೆಲೆ ಮುಟ್ಟಲಿಲ್ಲ. ಎಂಟಾಣೆ ಐವತ್ತು ಪೈಸೆಯಾಯಿತು, ನಾಲ್ಕಾಣೆ ಇಪ್ಪತ್ತೈದು. ಹೆಸರುಗಳು ಮಾತ್ರ ಜನರ ಬಾಯಲ್ಲಿ ಹಾಗೇ ಉಳಿದವು. ಬರ್ಕ್ ಒಪ್ಪುವ ಸುಧಾರಣೆ ಇಂಥದ್ದು.

ನಂದಿನಿ: ನಾಣ್ಯಕ್ಕೆ ಸರಿ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಕುಡಿಯಲು ಅಂಬೇಡ್ಕರ್ ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಅಲ್ಲಿ ಬಾಯಾರಿ ನಿಂತವರಿಗೂ ‘ನಿಧಾನ’ ಅನ್ನುತ್ತೀರಾ?

ಗುರುಬಸಪ್ಪ: ಖಂಡಿತ ಇಲ್ಲ. ಸತ್ತವರು, ಬದುಕಿರುವವರು, ಇನ್ನು ಹುಟ್ಟುವವರು ಸೇರಿದ ಪಾಲುದಾರಿಕೆಯೇ ಸಮಾಜ ಅಂದ ಬರ್ಕ್. ಪಾಲನ್ನೇ ಕೊಡದೆ ಹೊರಗಿಟ್ಟವರನ್ನು ಆ ಕರಾರಿಗೆ ಕಟ್ಟಿಹಾಕುವುದು ಅನ್ಯಾಯ. ಕಾಯುವ ಕಷ್ಟ ಎಲ್ಲರಿಗೂ ಸಮನಾಗಿ ಬೀಳುವ ಕಡೆ ನಾನು ಬರ್ಕನ ಪಕ್ಷ. ಕೆಲವರೇ ನರಳಬೇಕಾದ ಕಡೆ ಸಂವಿಧಾನದ 17ನೇ ವಿಧಿಯ ಪಕ್ಷ. ಅಸ್ಪೃಶ್ಯತೆ ಹಂತಹಂತವಾಗಿ ಹೋಗಲಿ ಎಂದು ಅದು ಹೇಳಲಿಲ್ಲ.

ನಂದಿನಿ: ಹಾಗಾದರೆ ಬರ್ಕನನ್ನು ಯಾಕೆ ಓದಬೇಕು?

ಗುರುಬಸಪ್ಪ: ಪಡೆದದ್ದನ್ನು ಕಾಯುವುದಕ್ಕೆ. ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಇನ್ನು ಸತ್ಯಾಗ್ರಹದ ದಾರಿ ಬಿಟ್ಟು ಸಂವಿಧಾನದ ದಾರಿಯಲ್ಲೇ ನಡೆಯೋಣ ಎಂದರು. ಬರ್ಕನ ಪುಸ್ತಕದ ಜೊತೆಗೆ ಆ ಭಾಷಣವನ್ನೂ ಓದು.