ನಾಚಿಕೆಗೆ ಶಸ್ತ್ರಚಿಕಿತ್ಸೆ

ಕ್ರಿಸ್ತಶಕ ಏಳನೆಯ ಶತಮಾನದ ಗ್ರೀಕ್ ವೈದ್ಯನಾದ ಈಜಿನಾದ ಪಾಲನು ತನ್ನ ವೈದ್ಯಗ್ರಂಥದ ಆರನೆಯ ಭಾಗದಲ್ಲಿ, ಗಂಡಸರಿಗೆ ಹೆಂಗಸರಂತೆ ಸ್ತನಗಳು ಬೆಳೆದರೆ ಅವುಗಳಿಗೆ ಮಾಡತಕ್ಕ ಶಸ್ತ್ರಕ್ರಿಯೆಯನ್ನು ವಿವರಿಸಿರುವನು. ಸ್ತನದ ಕೆಳಗೆ ಅರ್ಧಚಂದ್ರಾಕಾರವಾಗಿ ಕೊಯ್ದು, ಚರ್ಮವನ್ನು ಬಿಡಿಸಿ, ಕೊಬ್ಬನ್ನು ತೆಗೆದು ಹೊಲಿಯಬೇಕೆಂಬುದು ಆತನ ಕ್ರಮ. ಆದರೆ ಕ್ರಮಕ್ಕಿಂತ ಆತನು ಕೊಡುವ ಕಾರಣವೇ ಹೆಚ್ಚು ವಿಚಾರಾರ್ಹವಾದುದು. ನೋವನ್ನಾಗಲಿ ಪ್ರಾಣಭಯವನ್ನಾಗಲಿ ಆತನು ಮುಂದೊಡ್ಡುವುದಿಲ್ಲ; ಈ ವಿಕಾರಕ್ಕೆ ಹೆಣ್ಣಿಗತನದ ಅಪವಾದವು ಅಂಟಿಕೊಂಡಿರುವುದರಿಂದ ಶಸ್ತ್ರವು ಯುಕ್ತವೆನ್ನುತ್ತಾನೆ. ದೇಹಕ್ಕೆ ಬಾಧೆಯಿಲ್ಲದೆಡೆಯಲ್ಲಿ ನೆರೆಯವರ ನಗೆಯ ಸಲುವಾಗಿ ದೇಹವನ್ನು ಕೊಯ್ಯಬಹುದೆ?

ಅಪವಾದಕ್ಕೆ ಆಧಾರವಿಲ್ಲವೆಂಬುದನ್ನು ಶರೀರಶಾಸ್ತ್ರವು ಸ್ಪಷ್ಟಪಡಿಸಿದೆ. ಸ್ತನದ ಅಂಕುರವು ಗಂಡಿನಲ್ಲಿಯೂ ಹುಟ್ಟಿನಿಂದಲೇ ಇರುವುದಷ್ಟೆ. ಸ್ತ್ರೀಯರದೆಂದು ಹೆಸರಾದ ಈಸ್ಟ್ರೋಜನ್ ಎಂಬ ರಸವು ಪುರುಷರಲ್ಲಿಯೂ ಕೊಂಚ ಉಂಟು. ಪುರುಷರಸದೊಡನೆ ಅದರ ಸಮತೋಲ ತಪ್ಪಿದರೆ ಆ ಅಂಕುರವು ಬೆಳೆಯುತ್ತದೆ. ಯಕೃತ್ತಿನ ರೋಗ, ವೃಷಣದ ಗಂಟು, ಸ್ಪೈರೊನೊಲ್ಯಾಕ್ಟೋನ್ ಮೊದಲಾದ ಔಷಧಗಳು ಇದಕ್ಕೆ ಕಾರಣವಾಗಬಹುದಾದುದರಿಂದ ವೈದ್ಯನು ಮೊದಲು ಕಾರಣವನ್ನು ಹುಡುಕತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಹಸಿವಿನಿಂದ ಬೆಂದಿದ್ದ ಸೈನಿಕರು ಬಿಡುಗಡೆ ಹೊಂದಿ ಹೊಟ್ಟೆತುಂಬ ಉಣ್ಣತೊಡಗಿದಾಗ ಹಲವರಲ್ಲಿ ಈ ಬಾವು ಕಾಣಿಸಿಕೊಂಡಿತು. ಅವರಲ್ಲಿ ಪೌರುಷವು ಸಾಲದೆ ಹೋಯಿತೆಂದು ಯಾರು ತಾನೇ ಹೇಳಿಯಾರು!

ಇನ್ನು ಹದಿಮೂರು ಹದಿನಾಲ್ಕರ ಹುಡುಗರ ಮಾತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಸ್ವಲ್ಪವಾದರೂ ತಲೆದೋರುತ್ತದೆ. ಎರಡು ವರ್ಷಗಳೊಳಗಾಗಿ ಬಹುಪಾಲು ತಾನಾಗಿಯೇ ಅಡಗುತ್ತದೆ. ಇಲ್ಲಿ ಕಾಯುವುದೇ ಚಿಕಿತ್ಸೆ. ಆದರೆ ಹುಡುಗನಿಗೆ ಈ ಸಂಗತಿಯನ್ನು ತಿಳಿಸುವವರಾರು? ದಕ್ಷಿಣ ಕನ್ನಡದ ಅನೇಕ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಿ ಒಳಹೋಗುವ ರೂಢಿಯಿದೆ. ಎಲ್ಲರಿಗೂ ಸಹಜವಾದ ಆ ಒಂದು ಕ್ಷಣವು ಇಂತಹ ಹುಡುಗನಿಗೆ ಎಷ್ಟು ದೀರ್ಘವಾಗಿದ್ದೀತು! ಆತನು ಜ್ವರದ ನೆಪ ಹೇಳಿ ಹೊರಗುಳಿಯುತ್ತಾನೆ, ಕೆರೆಯ ಈಜನ್ನು ಬಿಡುತ್ತಾನೆ, ಬೆನ್ನು ಬಾಗಿಸಿ ನಡೆಯಲು ಕಲಿಯುತ್ತಾನೆ. ಮನೆಯ ಹಿರಿಯರು ವಿನೋದಕ್ಕೆಂದು ಆಡಿದ ಒಂದು ಮಾತು ಅವನನ್ನು ಹೀಗೆ ಮಾಡಲು ಸಾಕು. ಅವನಿಗೆ ಏನನ್ನೂ ತಿಳಿಸದೆ ಕಾಯಿಸುವುದು ಚಿಕಿತ್ಸೆಯಲ್ಲ, ಶಿಕ್ಷೆ. ತಾನಾಗಿಯೇ ಕರಗತಕ್ಕದ್ದನ್ನು ಅವಸರದಿಂದ ಕೊಯ್ಯಿಸುವುದೂ ಅಷ್ಟೇ ಅನ್ಯಾಯ. ನಕ್ಕವರ ತಪ್ಪಿಗೆ ನಗಿಸಿಕೊಂಡವನು ಗಾಯಹೊತ್ತಂತಾಗುವುದು.

ವರ್ಷಗಳು ಕಳೆದರೂ ಇಳಿಯದ ವಯಸ್ಕನ ವಿಷಯ ಬೇರೆ. ಆರಂಭದಲ್ಲಿ ಟಮಾಕ್ಸಿಫೆನ್‌ನಂತಹ ಔಷಧವು ಕೆಲವರಿಗೆ ಉಪಕರಿಸೀತು. ಅಂಗಾಂಶವು ಗಟ್ಟಿನಾರಾದ ಮೇಲೆ ಶಸ್ತ್ರವೇ ಗತಿ. 1946ರಲ್ಲಿ ಜೆರೋಮ್ ವೆಬ್‌ಸ್ಟರ್ ಎಂಬ ಅಮೆರಿಕದ ಶಸ್ತ್ರವೈದ್ಯನು ಮೊಲೆತೊಟ್ಟಿನ ಸುತ್ತಣ ಕಪ್ಪು ವಲಯದೊಳಗೇ ಕೊಯ್ಯುವ ವಿಧಾನವನ್ನು ಪ್ರಕಟಿಸಿದನು. ಗಾಯದ ಗುರುತು ಕಣ್ಣಿಗೆ ಬೀಳದಂತಾಯಿತು. ಈಗ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದೂ ಉಂಟು. ರಕ್ತ ಕಟ್ಟಿಕೊಳ್ಳುವುದು, ಎದೆಯಲ್ಲಿ ಗುಳಿ ಬೀಳುವುದು, ಸ್ಪರ್ಶಜ್ಞಾನ ಕುಂದುವುದು ಮುಂತಾದ ಅಪಾಯಗಳು ಇಲ್ಲದಿಲ್ಲ.

ಸಮಾಜವು ತಿದ್ದಿಕೊಳ್ಳಬೇಕಾದಲ್ಲಿ ವ್ಯಕ್ತಿಯೇಕೆ ಮೈಯನ್ನು ತಿದ್ದಿಸಿಕೊಳ್ಳಬೇಕೆಂದು ಕೆಲವರು ವಾದಿಸುವರು. ವಾದವು ಉದಾತ್ತವಾದುದು, ಅಂಗಿ ತೊಟ್ಟು ಕುಳಿತವರಿಗೆ ಸುಲಭವೂ ಹೌದು. ಲೋಕವು ನಗುವುದನ್ನು ಬಿಡುವ ತನಕ ಒಬ್ಬನು ತನ್ನ ಯೌವನವನ್ನೆಲ್ಲ ಅಡಗಿ ಕಳೆಯಲೆಂದು ವಿಧಿಸುವ ಅಧಿಕಾರವನ್ನು ಇವರಿಗೆ ಕೊಟ್ಟವರಾರು? ಅವನ ಸಂಕಟವು ಪರರ ದೃಷ್ಟಿಯಿಂದ ಹುಟ್ಟಿದ್ದೆಂಬ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಈ ಮಟ್ಟಿಗೆ ಪಾಲನ ಪಕ್ಷವೇ ಸರಿಯೆನ್ನಬೇಕು. ಆದರೆ ಅಪವಾದವನ್ನು ಕಂಡ ಆತನು ಅಪವಾದ ಹೊತ್ತವನ ಇಷ್ಟವೇನೆಂಬುದನ್ನು ಎತ್ತಲಿಲ್ಲ. ಕೆಲವರಿಗೆ ತಮ್ಮ ಎದೆಯ ವಿಷಯದಲ್ಲಿ ಎಳ್ಳಷ್ಟೂ ಚಿಂತೆಯಿರುವುದಿಲ್ಲ. ಚಿಂತೆಯೆಲ್ಲ ತಂದೆಯದು, ಇಲ್ಲವೆ ಹೆಣ್ಣು ಕೊಡುವವರದು. ಮಗನ ಪರವಾಗಿ ತಂದೆಯೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರೆ, ಬಲ್ಲ ವೈದ್ಯನು ತಂದೆಯನ್ನು ವಿನಯದಿಂದ ಹೊರಗೆ ಕುಳ್ಳಿರಿಸಿ ಬಾಗಿಲು ಮುಚ್ಚಿ, ನಿನಗೇನು ಬೇಕಪ್ಪ ಎಂದು ಹುಡುಗನನ್ನು ಕೇಳುವನು.