ಉಳಿದ ನಿಮಿಷ ಯಾರದು?

ಬರೆದಿಡುವುದು ಒಳ್ಳೆಯ ಅಭ್ಯಾಸವೆಂದು ಮಕ್ಕಳಿಗೆ ಹೇಳಿಕೊಡುವುದೇ ನನ್ನ ವೃತ್ತಿ. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ಬರೆದ ಕೈ ಇದು. ಬಂದ ಮಗುವಿಗೆ ಒಂದು ಗುರುತು, ಬಾರದ ಮಗುವಿಗೆ ಇನ್ನೊಂದು. ಮಗು ಏಕೆ ಬರಲಿಲ್ಲ ಎಂಬುದನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇಲ್ಲ. ಜಾಗವಿಲ್ಲದ್ದು ನಿಧಾನವಾಗಿ ನಮ್ಮ ಮನಸ್ಸಿನಿಂದಲೂ ಜಾರಿಹೋಗುತ್ತದೆ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಗೆರೆ ಎಳೆಯುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ, ನೋಡಿ!

ಈ ಮಾತು ನನಗೆ ಹೊಸದಾಗಿ ಹೊಳೆದದ್ದು ನಮ್ಮ ತಾಲ್ಲೂಕಿನ ಒಂದು ಸಣ್ಣ ಧರ್ಮಾರ್ಥ ಚಿಕಿತ್ಸಾಲಯದ ಸಮಿತಿಯಲ್ಲಿ. ರೋಗಿಗಳ ದಾಖಲೆಗೆ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಆರಿಸಬೇಕಿತ್ತು. ಸಮಿತಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬ ವರ್ತಕರು, ಮತ್ತು ಬಿ.ಎ., ಬಿ.ಎಡ್. ಓದಿದ ನಾನು. ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಬೆಲೆ ಎಷ್ಟು? ಕೆಲಸ ಬೇಗ ಆಗುತ್ತದೆಯೆ? ತಪ್ಪೇನಿಲ್ಲ. ಕೂಲಿ ಬಿಟ್ಟು ಬಂದ ಹೆಂಗಸು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತರೆ ಅವಳ ಅರ್ಧ ದಿನದ ಅನ್ನ ಹೋಯಿತು. ಆದರೂ ಟೀಚರಾದವಳಿಗೆ ಓದದೆ ಕೈ ಎತ್ತುವುದು ಒಗ್ಗುವುದಿಲ್ಲ. ಓದಲು ಕುಳಿತೆ.

ಓದುತ್ತ ಹೋದಾಗ ಕೀನ್ಯಾ ದೇಶದ ಮೊಸೊರಿಯಟ್ ಎಂಬ ಹಳ್ಳಿಯ ಆರೋಗ್ಯ ಕೇಂದ್ರ ಸಿಕ್ಕಿತು. ಅಲ್ಲಿನ ಮೊಯಿ ವಿಶ್ವವಿದ್ಯಾಲಯದವರೂ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರೂ ಸೇರಿ 2001ರಲ್ಲಿ ಅಲ್ಲಿ ಕಂಪ್ಯೂಟರ್ ದಾಖಲೆ ಆರಂಭಿಸಿದರು. ಹಿಂದೆ ಎಷ್ಟು ಹೊತ್ತು, ಈಗ ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಅಳೆದರು. 2003ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ರೋಗಿ ಒಂದು ಭೇಟಿಗೆ ಕಳೆಯುವ ಹೊತ್ತು ಶೇಕಡಾ 22ರಷ್ಟು ಇಳಿಯಿತು. ಕಾಯುವ ಹೊತ್ತು ಶೇಕಡಾ 38ರಷ್ಟು ಇಳಿಯಿತು. ಸಂತೋಷದ ಸುದ್ದಿಯೇ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿತ್ತು. ಚಿಕಿತ್ಸೆ ಕೊಡುವವರ ಜೊತೆ ರೋಗಿ ಕಳೆಯುವ ಹೊತ್ತು ಶೇಕಡಾ 58ರಷ್ಟು ಕಡಿಮೆಯಾಗಿತ್ತು! ಸಿಬ್ಬಂದಿ ತಮ್ಮತಮ್ಮಲ್ಲಿ ಮಾತಾಡುವ ಹೊತ್ತಂತೂ ಮೂರರಲ್ಲಿ ಎರಡು ಪಾಲು ಇಳಿದಿತ್ತು. ಅವರ ಸ್ವಂತಕ್ಕೆ ಸಿಗುವ ಹೊತ್ತು ಹೆಚ್ಚಿತ್ತು.

ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ಒಂದೇ ಅಂಕಿಯನ್ನು ಇಬ್ಬರು ಎರಡು ಬಗೆಯಾಗಿ ಓದಬಹುದಲ್ಲವೆ? ಹಳೆಯ ಕಡತ ಹುಡುಕುವ, ಅದದೇ ಹೆಸರು-ವಯಸ್ಸು ಮತ್ತೆ ಬರೆಯುವ ವ್ಯರ್ಥ ಕೆಲಸ ಹೋಯಿತೆಂದು ಒಬ್ಬರು ಓದಿಯಾರು. ಮುಖ ನೋಡುವ, ಮಾತು ಕೇಳುವ ಹೊತ್ತೂ ಅದರ ಜೊತೆಗೇ ಹೋಯಿತೆಂದು ಇನ್ನೊಬ್ಬರು ಓದಿಯಾರು. ಅಂಕಿ ತಾನಾಗಿ ಯಾವುದನ್ನೂ ಹೇಳುವುದಿಲ್ಲ. ಯಂತ್ರ ನಿಮಿಷಗಳನ್ನು ಉಳಿಸಿಕೊಡುತ್ತದೆ. ಉಳಿದ ನಿಮಿಷ ಯಾರಿಗೆ ಸೇರಬೇಕೆಂಬ ತೀರ್ಮಾನ ಮನುಷ್ಯರದು. ನಾವು ತೀರ್ಮಾನಿಸದೆ ಬಿಟ್ಟರೆ ಅದು ತಾನಾಗಿಯೇ ಬಲವಿದ್ದವರ ಕಡೆ ಹರಿಯುತ್ತದೆ.

ಇದನ್ನು ಸಭೆಯಲ್ಲಿ ಹೇಳಿದೆ. ಡಾಕ್ಟರು ನಕ್ಕರು. "ಟೀಚರೇ, ಹೊರಗೆ ಅರವತ್ತು ಜನ ಸಾಲಿನಲ್ಲಿ ನಿಂತಿದ್ದಾರೆ. ಬೇಗ ನೋಡಿ ಕಳಿಸುವುದೂ ದಯೆಯೇ" ಎಂದರು. ಒಪ್ಪತಕ್ಕ ಮಾತು. ನರ್ಸಮ್ಮನಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಬಿಡುವು ಸಿಕ್ಕರೂ ಅದು ಪಾಪವಲ್ಲ. ದಣಿದವಳ ಕೈ ಒರಟಾಗುತ್ತದೆ. ಆದರೆ ಔಷಧವನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ಆಮೇಲೋ ಎಂದು ಕೇಳಲು ಹೆದರಿ ಹಾಗೇ ಎದ್ದುಹೋಗುವ ಮುದುಕಿಗೂ ಆ ಬಿಡುವಿನಲ್ಲಿ ಒಂದು ಪಾಲು ಸಿಗಬೇಡವೆ? ನನ್ನ ವಾದ ಅಷ್ಟೇ.

ಎರಡನೆಯ ಪ್ರಶ್ನೆ ಒಡೆತನದ್ದು. ಒಂದು ಕಂಪನಿಯವರು ಮೊದಲ ಎರಡು ವರ್ಷ ಉಚಿತವೆಂದು ಹೇಳಿದ್ದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಲೋಕ ನಮ್ಮದು. ಮೂರನೆಯ ವರ್ಷ ಬೇಡವೆನಿಸಿದರೆ ನಮ್ಮ ರೋಗಿಗಳ ದಾಖಲೆ ನಮಗೆ ಪೂರ್ತಿಯಾಗಿ ಸಿಗುತ್ತದೆಯೆ ಎಂದು ಕೇಳಿದೆ. ಬಂದವರು ಕರಾರುಪತ್ರ ನೋಡಿ ಹೇಳುತ್ತೇವೆಂದರು. ಬೀಗದ ಕೈ ಬೇರೆಯವರಲ್ಲಿರುವ ಮನೆಯನ್ನು ಉಚಿತವೆನ್ನುವುದು ಹೇಗೆ?

ಇದಕ್ಕೆ ಬೇರೆ ದಾರಿ ತೋರಿದವರೂ ಇದ್ದಾರೆ. 2004ರಲ್ಲಿ ಆರಂಭವಾದ ಓಪನ್ ಎಂ.ಆರ್.ಎಸ್. ಎಂಬ ತಂತ್ರಾಂಶದ ಒಳಗುಟ್ಟನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. 2006ರಲ್ಲಿ ಅದನ್ನು ಮೊದಲು ಬಳಕೆಗೆ ತಂದದ್ದು ಮೊಸೊರಿಯಟ್‌ಗೆ ಹತ್ತಿರದ ಎಲ್ಡೊರೆಟ್ ಊರಿನಲ್ಲಿ. ಏಡ್ಸ್ ಪೀಡಿತರ ಚಿಕಿತ್ಸೆಗಾಗಿ. ಅದರ ತಳಹದಿಯ ಮೇಲೆಯೇ 2010ರ ದಶಕದಲ್ಲಿ ನಮ್ಮ ದೇಶದಲ್ಲೂ ಒಂದು ಬೆಳೆಯಿತು. ಛತ್ತೀಸ್‌ಗಢದ ಬಿಲಾಸ್‌ಪುರದ ಬಳಿಯ ಗನಿಯಾರಿಯಲ್ಲಿ ಬಡವರಿಗಾಗಿ ದುಡಿಯುವ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಅದು ಮೊದಲು ಬಳಕೆಗೆ ಬಂತು. ಹೆಸರು ಬಹ್ಮನಿ. ಕೇಳಿದೊಡನೆ ಸಮಾಜ ಪಾಠ ಮಾಡುವ ನನಗೆ ಕಲಬುರಗಿಯ ಸುಲ್ತಾನರು ನೆನಪಾದರು; ಅವರಿಗೂ ಇದಕ್ಕೂ ಸಂಬಂಧವಿಲ್ಲ ಬಿಡಿ. ಇಂಥವಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಯಂತ್ರ ಬೇಕು, ಕರೆಂಟು ಹೋದಾಗ ಬ್ಯಾಟರಿ ಬೇಕು, ಕೆಟ್ಟರೆ ಸರಿಪಡಿಸುವ ಜಾಣ ಹುಡುಗರು ಬೇಕು. ಸ್ವಾತಂತ್ರ್ಯಕ್ಕೆ ಬೆಲೆ ಇಲ್ಲವೆಂದು ಯಾರೂ ತಿಳಿಯಬಾರದು.

ಮೂರನೆಯದು ಗುಟ್ಟಿನದು, ನನ್ನನ್ನು ಹೆಚ್ಚು ಕಾಡಿದ್ದೂ ಇದೇ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ಷಯಕ್ಕೆ ಆರು ತಿಂಗಳು ಔಷಧ ತೆಗೆದುಕೊಂಡು ಗುಣವಾದಳು. ಗುಣವಾದದ್ದು ಊರಿಗೆ ತಿಳಿಯಲಿಲ್ಲ, ಕಾಯಿಲೆ ಬಂದದ್ದು ಮಾತ್ರ ತಿಳಿಯಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಆಗ ಇದ್ದದ್ದು ಕಾಗದದ ರಿಜಿಸ್ಟರೇ. ಆದ್ದರಿಂದ ಯಂತ್ರವನ್ನಷ್ಟೇ ದೂರುವುದು ನ್ಯಾಯವಲ್ಲ. ಆದರೆ ರಿಜಿಸ್ಟರು ಒಂದು ಬೀರುವಿನಲ್ಲಿತ್ತು, ಒಬ್ಬರು ಇಬ್ಬರು ನೋಡಿದರು. ತೆರೆಯ ಮೇಲಿನ ಅಕ್ಷರವನ್ನು ಎಷ್ಟು ಊರಿನ ಎಷ್ಟು ಕಣ್ಣು ನೋಡೀತು? ಯಾರು ಯಾವ ಪುಟ ತೆರೆದರೆಂಬ ಗುರುತನ್ನು ಒಳ್ಳೆಯ ವ್ಯವಸ್ಥೆ ತಾನೇ ಇಟ್ಟುಕೊಳ್ಳುತ್ತದೆ. ಕಾಗದಕ್ಕೆ ಆ ಶಕ್ತಿ ಇಲ್ಲ. ಹಾಗೆಯೇ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟು ಗೋಡೆಗೆ ಅಂಟಿಸಿದರೆ ಯಂತ್ರಕ್ಕೂ ಆ ಶಕ್ತಿ ಉಳಿಯುವುದಿಲ್ಲ. 2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆ ಮಾಡಿತು. ಕಾಯಿದೆ ದೆಹಲಿಯಲ್ಲಿರುತ್ತದೆ. ಹೆಣ್ಣುಮಗಳ ಮಾನ ಕಾಯಬೇಕಾದದ್ದು ಕೌಂಟರಿನಲ್ಲಿ ಕುಳಿತವರ ನಾಲಗೆ.

ಸಮಿತಿ ಕೊನೆಗೆ ಒಳಗುಟ್ಟು ತೆರೆದಿಟ್ಟ ವ್ಯವಸ್ಥೆಯನ್ನೇ ಆರಿಸಿತು. ಬ್ಯಾಂಕಿನವರು ಲೆಕ್ಕ ಹಾಕಿ ಖರ್ಚೇನೂ ಕಡಿಮೆಯಾಗಲಿಲ್ಲವೆಂದು ತೋರಿಸಿದರು, ನಿಜವೇ. ನಾನು ಕೇಳಿದ್ದರಲ್ಲಿ ಎರಡು ಮಾತು ನಡೆದವು. ರೋಗಿಯ ಕೈಗೆ ಕೊಡುವ ಚೀಟಿ ಕನ್ನಡದಲ್ಲಿರಬೇಕು. ಪ್ರತಿಯೊಬ್ಬ ಸಿಬ್ಬಂದಿಗೂ ಬೇರೆಬೇರೆ ಪಾಸ್‌ವರ್ಡ್ ಇರಬೇಕು. ಉಳಿದ ಹೊತ್ತಿನಲ್ಲಿ ನರ್ಸಮ್ಮ ಔಷಧದ ಬಗೆ ತಿಳಿಸಿ ಹೇಳಬೇಕೆಂಬ ಮೂರನೆಯ ಮಾತಿಗೆ "ನೋಡೋಣ" ಎಂಬ ಉತ್ತರ ಬಂತು. ಅದನ್ನು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.

ಬಡವರಿಗೆ ಒಂದು ವಸ್ತು ಆರಿಸುವಾಗ ನಾವು ಸಾಮಾನ್ಯವಾಗಿ ಅಗ್ಗವಾದದ್ದನ್ನು ಹುಡುಕುತ್ತೇವೆ. ನಮಗಾಗಿ ಆರಿಸುವಾಗ ನಂಬಬಹುದಾದದ್ದನ್ನು ಹುಡುಕುತ್ತೇವೆ. ಈ ಎರಡು ಅಳತೆಗೋಲುಗಳನ್ನು ಒಂದು ಮಾಡಲು ಕಂಪ್ಯೂಟರ್ ಜ್ಞಾನವೇನೂ ಬೇಕಿಲ್ಲ. ಆ ದಾಖಲೆಯಲ್ಲಿ ಬರೆದ ಹೆಸರು ನಮ್ಮ ಮಗಳದಾಗಿದ್ದರೆ ಎಂದು ಒಂದು ಗಳಿಗೆ ಯೋಚಿಸಿದರೆ ಸಾಕು.